ನಸುಕಿನ 4 ಗಂಟೆಗೆ ಎದ್ದರೆ ಕಾಯಿಲೆ ಮಾಯವೇ? ಬೆಳಗಿನ ದಿನಚರಿಯ ಫಾರ್ವರ್ಡ್‌ಗಳಲ್ಲಿ ನಿಜ ಎಷ್ಟು?

‘ನಸುಕಿನ 4 ಗಂಟೆಗೆ ಏಳಿ. ಹಲ್ಲುಜ್ಜುವ ಮೊದಲೇ ನಾಲ್ಕು ಲೋಟ ನೀರು ಕುಡಿಯಿರಿ. ಆಮೇಲೆ ಬಿಸಿನೀರಿಗೆ ನಿಂಬೆ, ಜೇನು. ಅರ್ಧ ಗಂಟೆ ಧ್ಯಾನ, ಅರ್ಧ ಗಂಟೆ ಯೋಗ, ಅರ್ಧ ಗಂಟೆ ನಡಿಗೆ. 21 ದಿನ ಹೀಗೆ ಮಾಡಿದರೆ ಬಿಪಿ, ಶುಗರ್, ಥೈರಾಯ್ಡ್ ಎಲ್ಲ ಮಾಯ. ಮಾತ್ರೆಯೇ ಬೇಡ. ನಿಮ್ಮವರಿಗೆಲ್ಲ ಕಳಿಸಿ.’

ಬೆಳಗಿನ ದಿನಚರಿ ಕುರಿತು ವಾಟ್ಸ್‌ಆ್ಯಪ್‌ನಲ್ಲಿ ಓಡಾಡುವ ಸಂದೇಶಗಳಲ್ಲಿ ಪದೇ ಪದೇ ಕಾಣುವ ಮಾತುಗಳನ್ನು ಒಟ್ಟಿಗೆ ಇಟ್ಟರೆ ಹೆಚ್ಚುಕಡಿಮೆ ಹೀಗಿರುತ್ತದೆ. ನಿಮ್ಮ ಮನೆಯ ಗ್ರೂಪ್‌ಗೂ ಇಂಥದ್ದೊಂದು ಬಂದಿರಬಹುದು: ಹಿನ್ನೆಲೆಯಲ್ಲಿ ಸೂರ್ಯೋದಯ, ಪಕ್ಕದಲ್ಲೊಂದು ಕಮಲ, ಕೊನೆಯಲ್ಲಿ ಮುಗಿದ ಎರಡು ಕೈ. ಇದು ಪೂರ್ತಿ ಸುಳ್ಳಾಗಿದ್ದರೆ ‘ಸುಳ್ಳು’ ಎಂಬ ಮೊಹರು ಒತ್ತಿ ನಾವು ಮುಂದಿನ ಸಂದೇಶಕ್ಕೆ ಹೋಗಬಹುದಿತ್ತು. ತೊಡಕು ಏನೆಂದರೆ, ಇದರಲ್ಲಿ ಒಳ್ಳೆಯ ಸಲಹೆಯೂ ಇದೆ, ಅಪಾಯದ ಮಾತೂ ಇದೆ, ಎರಡೂ ಒಂದೇ ಉಸಿರಿನಲ್ಲಿ ಬರುತ್ತವೆ. ‘ನಡೆಯುವುದು ಒಳ್ಳೆಯದು’ ಎಂಬುದನ್ನು ಒಪ್ಪಿದವರು ‘ಮಾತ್ರೆಯೇ ಬೇಡ’ ಎಂಬುದನ್ನೂ ಅದೇ ಓಘದಲ್ಲಿ ಒಪ್ಪಿಬಿಡುತ್ತಾರೆ.

ಹಾಗಾಗಿ ಈ ಸಂದೇಶವನ್ನು ಬಿಡಿಸಿ ನೋಡೋಣ. ಬೆಳಗ್ಗೆ ಸ್ವಲ್ಪ ನೆಮ್ಮದಿ ಬೇಕು, ದಿನ ಗಡಿಬಿಡಿಯಿಲ್ಲದೆ ಶುರುವಾಗಬೇಕು ಎಂಬ ಆಸೆಯಲ್ಲಿ ತಪ್ಪೇನಿಲ್ಲ. ಅದನ್ನು ಹೇಗೆ ಮಾಡಿಕೊಳ್ಳುವುದು ಎಂಬುದೇ ಪ್ರಶ್ನೆ.

4 ಗಂಟೆ ಎಂಬುದು ಎಲ್ಲಿಂದ ಬಂತು?

ಸಂದೇಶಗಳು ಬ್ರಾಹ್ಮೀ ಮುಹೂರ್ತದ ಹೆಸರು ಹೇಳುತ್ತವೆ. ಒಂದು ಮುಹೂರ್ತ ಎಂದರೆ 48 ನಿಮಿಷ. ಸೂರ್ಯೋದಯಕ್ಕೆ 96 ನಿಮಿಷ ಇರುವಾಗ ಶುರುವಾಗಿ, 48 ನಿಮಿಷ ಇರುವಾಗ ಮುಗಿಯುವ ಅವಧಿ ಇದು. ಸೂರ್ಯ ವರ್ಷವಿಡೀ ಒಂದೇ ಹೊತ್ತಿಗೆ ಹುಟ್ಟುವುದಿಲ್ಲವಲ್ಲ. ಬೆಂಗಳೂರಿನಲ್ಲಿ ಜೂನ್ ಮೊದಲ ವಾರ ಸೂರ್ಯೋದಯ ಸುಮಾರು 5.53ಕ್ಕೆ, ಜನವರಿ ಕೊನೆಯಲ್ಲಿ ಸುಮಾರು 6.46ಕ್ಕೆ. ಲೆಕ್ಕ ಹಾಕಿದರೆ ಬ್ರಾಹ್ಮೀ ಮುಹೂರ್ತ ಶುರುವಾಗುವುದು ಜೂನ್‌ನಲ್ಲಿ ಸುಮಾರು 4.17ಕ್ಕೆ, ಜನವರಿಯಲ್ಲಿ ಸುಮಾರು 5.10ಕ್ಕೆ. ಅಂದರೆ ಸಂಪ್ರದಾಯವನ್ನೇ ಪಾಲಿಸುತ್ತೇವೆ ಎನ್ನುವವರಿಗೂ ಚಳಿಗಾಲದಲ್ಲಿ 4 ಗಂಟೆಯ ಅಲಾರಾಂ ಬೇಕಾಗಿಲ್ಲ.

ವಾಗ್ಭಟನ ಅಷ್ಟಾಂಗಹೃದಯದಲ್ಲಿ ದಿನಚರಿಗೆಂದೇ ಒಂದು ಅಧ್ಯಾಯವಿದೆ. ಈ ಹೊತ್ತಿಗೆ ಏಳಬೇಕೆಂಬ ಮಾತು ಅಲ್ಲಿ ನಿಜವಾಗಿಯೂ ಇದೆ. ಆದರೆ ಅಲ್ಲಿ ಅದನ್ನು ಹೇಳಿರುವುದು ‘ಸ್ವಸ್ಥ’ನಿಗೆ, ಅಂದರೆ ಆರೋಗ್ಯವಾಗಿರುವವನಿಗೆ. ಆರೋಗ್ಯವಂತ ತನ್ನ ಆಯುಸ್ಸನ್ನು ಕಾಪಾಡಿಕೊಳ್ಳಲು ಎಂದು ಹೇಳಿದ ಮಾತು ಮೊಬೈಲ್‌ನಿಂದ ಮೊಬೈಲ್‌ಗೆ ದಾಟುತ್ತಾ ರೋಗಿಯ ಔಷಧಿಯಾಗಿಬಿಟ್ಟಿದೆ. ಹಳೆಯ ಗ್ರಂಥವನ್ನು ಗೌರವಿಸುವವರು ಮೊದಲು ಸಿಟ್ಟಾಗಬೇಕಾದದ್ದು ಇಂಥ ಫಾರ್ವರ್ಡ್‌ಗಳ ಮೇಲೆ ಎಂದು ನಮಗೆ ಅನಿಸುತ್ತದೆ.

ಇದಕ್ಕೆ ಅಂಟಿಕೊಂಡು ಬರುವ ಇನ್ನೊಂದು ಮಾತು: ಆ ಹೊತ್ತಿನಲ್ಲಿ ಗಾಳಿಯಲ್ಲಿ ಓಜೋನ್ ಹೆಚ್ಚಿರುತ್ತದೆ, ಅದು ಶ್ವಾಸಕೋಶಕ್ಕೆ ಅಮೃತ. ಇದು ತಲೆಕೆಳಗಾದ ವಿಜ್ಞಾನ. ನೆಲದ ಮಟ್ಟದಲ್ಲಿ ಓಜೋನ್ ಉಂಟಾಗುವುದು ವಾಹನ, ಕಾರ್ಖಾನೆಗಳ ಹೊಗೆಯ ಅನಿಲಗಳ ಮೇಲೆ ಬಿಸಿಲು ಬಿದ್ದಾಗ. ಆದ್ದರಿಂದ ಅದು ಸಾಮಾನ್ಯವಾಗಿ ಮಧ್ಯಾಹ್ನದ ಹೊತ್ತಿಗೆ ಹೆಚ್ಚುತ್ತದೆ, ಬಿಸಿಲೇ ಇಲ್ಲದ ನಸುಕಿನಲ್ಲಲ್ಲ. ಜೊತೆಗೆ, ಉಸಿರಾಡುವ ಗಾಳಿಯಲ್ಲಿ ಓಜೋನ್ ಇದ್ದರೆ ಅದು ಶ್ವಾಸಕೋಶಕ್ಕೆ ತೊಂದರೆ ಕೊಡುವ ಮಾಲಿನ್ಯಕಾರಕ. ನಮ್ಮನ್ನು ಕಾಪಾಡುವ ಓಜೋನ್ ಪದರ ಇರುವುದು ಹತ್ತಾರು ಕಿಲೋಮೀಟರ್ ಮೇಲೆ. ಆಮ್ಲಜನಕದ ಪ್ರಮಾಣವಂತೂ ನಸುಕಿನಲ್ಲೂ ಮಧ್ಯಾಹ್ನವೂ ಸುಮಾರು ಶೇ 21 ಮಾತ್ರ. ಚಳಿಗಾಲದ ನಸುಕಿನಲ್ಲಿ ತಣ್ಣನೆಯ ಗಾಳಿ ನೆಲದ ಹತ್ತಿರವೇ ನಿಂತು ಹೊಗೆ, ದೂಳನ್ನು ಹಿಡಿದಿಡುವುದೂ ಉಂಟು. ಆಸ್ತಮಾ ಇರುವವರು ಅಂಥ ದಿನ ಬಿಸಿಲೇರಿದ ಮೇಲೆ ನಡೆಯಲು ಹೋದರೆ ಏನೂ ನಷ್ಟವಿಲ್ಲ.

ಬೆಳಗು ಶುರುವಾಗುವುದು ಹಿಂದಿನ ರಾತ್ರಿ

‘ನಮ್ಮ ಅಜ್ಜ ದಿನಾ ನಾಲ್ಕಕ್ಕೇ ಏಳುತ್ತಿದ್ದರು, ಒಂದು ದಿನ ಆಸ್ಪತ್ರೆ ನೋಡಲಿಲ್ಲ’ ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಅಜ್ಜ ಏಳುತ್ತಿದ್ದದ್ದು ನಿಜವೇ ಇರಬಹುದು. ಆದರೆ ಅಜ್ಜ ಮಲಗುತ್ತಿದ್ದದ್ದು ಎಷ್ಟು ಹೊತ್ತಿಗೆ? ದೀಪದ ಎಣ್ಣೆ ಉಳಿಸಬೇಕಿದ್ದ ಮನೆಯಲ್ಲಿ ಎಂಟಕ್ಕೆಲ್ಲ ಊಟ ಮುಗಿದು ಚಾಪೆ ಹಾಸಿಯಾಗುತ್ತಿತ್ತು. ಇವತ್ತು ಬೆಂಗಳೂರಿನಲ್ಲಿ ಕೆಲಸ ಮುಗಿಸಿ ಟ್ರಾಫಿಕ್ ದಾಟಿ ಎಂಟೂವರೆಗೆ ಮನೆ ಸೇರುವವರು, ಹತ್ತು ಗಂಟೆಯವರೆಗೆ ಧಾರಾವಾಹಿ, ಆಮೇಲೆ ಒಂದು ಗಂಟೆ ರೀಲ್ಸ್ ನೋಡಿ, ಅಜ್ಜನ ಅಲಾರಾಂ ಮಾತ್ರ ಎರವಲು ತಂದರೆ ಉಳಿಯುವುದು ಐದು ಗಂಟೆ ನಿದ್ದೆ.

ವಯಸ್ಕರು ದಿನಕ್ಕೆ ಕನಿಷ್ಠ 7 ಗಂಟೆ ನಿದ್ದೆ ಮಾಡಬೇಕು ಎಂಬುದು ಅಮೆರಿಕದ ನಿದ್ರಾ ವೈದ್ಯರ ಮತ್ತು ಸಂಶೋಧಕರ ಸಂಘಗಳು 2015ರಲ್ಲಿ ಜಂಟಿಯಾಗಿ ಕೊಟ್ಟ ಸಲಹೆ. ನಿದ್ದೆ ದಿನವೂ ಕಡಿಮೆಯಾದರೆ ತೂಕ, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೃದಯದ ತೊಂದರೆ, ಖಿನ್ನತೆ ಇವುಗಳ ಅಪಾಯ ಹೆಚ್ಚುತ್ತದೆ ಎಂದು ಅದರಲ್ಲೇ ಹೇಳಲಾಗಿದೆ. ಬಿಪಿ, ಶುಗರ್ ಹೋಗಲಿ ಎಂದು ನಿದ್ದೆ ಕತ್ತರಿಸಿ ಏಳುವವರು ಆ ಎರಡಕ್ಕೂ ಇರುವ ಒಂದು ರಕ್ಷಣೆಯನ್ನೇ ಬಿಟ್ಟುಕೊಡುತ್ತಿದ್ದಾರೆ. 4 ಗಂಟೆಗೆ ಏಳಬೇಕೆಂದರೆ ರಾತ್ರಿ 9ಕ್ಕೆ ನಿದ್ದೆ ಬಂದಿರಬೇಕು. ಹಾಸಿಗೆಗೆ ಹೋಗಿದ್ದರೆ ಸಾಲದು. ಅದು ಸಾಧ್ಯವಿರುವ ಮನೆಗಳಲ್ಲಿ 4 ಗಂಟೆ ಒಳ್ಳೆಯ ಹೊತ್ತೇ. ಸಾಧ್ಯವಿಲ್ಲದ ಮನೆಯಲ್ಲಿ ಆರೂವರೆಯೇ ಒಳ್ಳೆಯದು.

ಇನ್ನೊಂದು ವಿಷಯ ಈ ಸಂದೇಶಗಳಿಗೆ ಗೊತ್ತೇ ಇಲ್ಲ. ಎಲ್ಲರ ದೇಹದ ಗಡಿಯಾರ ಒಂದೇ ಅಲ್ಲ. ಮೆದುಳಿನ ಹೈಪೊಥಲಾಮಸ್ ಎಂಬ ಭಾಗದಲ್ಲಿ ಸುಮಾರು 20 ಸಾವಿರ ನರಕೋಶಗಳ ಒಂದು ಪುಟ್ಟ ಗುಂಪು ನಮ್ಮ ಹಗಲು ರಾತ್ರಿಯ ಲಯವನ್ನು ನಡೆಸುತ್ತದೆ. ಅದರ ಕೆಳಗೆ ಜೀನ್‌ಗಳ ಮಟ್ಟದಲ್ಲೂ ಗಡಿಯಾರವಿದೆ. ಹಣ್ಣಿನ ನೊಣಗಳಲ್ಲಿ ಈ ಗಡಿಯಾರ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಬಿಡಿಸಿದ ಜೆಫ್ರಿ ಹಾಲ್, ಮೈಕೆಲ್ ರೋಸ್‌ಬ್ಯಾಶ್ ಮತ್ತು ಮೈಕೆಲ್ ಯಂಗ್ ಅವರಿಗೆ 2017ರ ವೈದ್ಯಕೀಯ ನೊಬೆಲ್ ಸಿಕ್ಕಿತು. ಕೆಲವರ ಗಡಿಯಾರ ಸ್ವಭಾವತಃ ಮುಂದೆ, ಕೆಲವರದು ಹಿಂದೆ. ತಡವಾಗಿ ನಿದ್ದೆ ಬರುವವರೆಲ್ಲ ಸೋಮಾರಿಗಳಲ್ಲ.

ಇದು ಹೆಚ್ಚು ಅನ್ವಯಿಸುವುದು ಮಕ್ಕಳಿಗೆ. ಹದಿಹರೆಯದಲ್ಲಿ ದೇಹದ ಗಡಿಯಾರ ತಾನಾಗಿ ತಡವಾಗುತ್ತದೆ. ರಾತ್ರಿ ಹನ್ನೊಂದಾದರೂ ನಿದ್ದೆ ಬರುವುದಿಲ್ಲ, ಬೆಳಗ್ಗೆ ಎಬ್ಬಿಸಿದರೂ ಎಚ್ಚರವಾಗುವುದಿಲ್ಲ. 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕೆಂಬುದು 2016ರ ಶಿಫಾರಸು. ಆದರೆ ಎಸ್ಸೆಸ್ಸೆಲ್ಸಿ, ಪಿಯುಸಿ, ಸಿಇಟಿ, ನೀಟ್ ಎಂದ ಕೂಡಲೇ ನಮ್ಮ ಮನೆಗಳಲ್ಲಿ ಮೊದಲು ಕತ್ತರಿ ಬೀಳುವುದು ನಿದ್ದೆಗೆ. ‘ಬೆಳಗಿನ ಜಾವ ಓದಿದ್ದು ತಲೆಗೆ ಹತ್ತುತ್ತೆ’ ಎಂಬುದು ಮನೆಮಾತು. ಮನೆ ಸದ್ದಿಲ್ಲದೆ ಇರುತ್ತದೆ, ಫೋನ್ ಬರುವುದಿಲ್ಲ, ಅಷ್ಟರಮಟ್ಟಿಗೆ ಅದು ನಿಜ. ಆದರೆ ಓದಿದ್ದನ್ನು ಮೆದುಳು ಗಟ್ಟಿಮಾಡಿಕೊಳ್ಳುವುದು ನಿದ್ದೆಯಲ್ಲಿ. ಕನಸು ಬೀಳುವ ಹಂತದ ನಿದ್ದೆ ಹೆಚ್ಚಾಗಿ ಬರುವುದು ರಾತ್ರಿಯ ಕೊನೆಯ ಗಂಟೆಗಳಲ್ಲಿ. ಹನ್ನೊಂದೂವರೆಗೆ ಮಲಗಿದ ಮಗುವನ್ನು ನಾಲ್ಕಕ್ಕೆ ಎಬ್ಬಿಸಿದರೆ ಕತ್ತರಿ ಬೀಳುವುದು ಸರಿಯಾಗಿ ಆ ಭಾಗಕ್ಕೆ. ಬೇಗ ಎಬ್ಬಿಸಲೇಬೇಕಿದ್ದರೆ ಬೇಗ ಮಲಗಿಸಬೇಕು. ಅದಕ್ಕೆ ಮನೆಯ ಟಿವಿಯೂ ಬೇಗ ಆಫ್ ಆಗಬೇಕು.

‘ದೊಡ್ಡ ದೊಡ್ಡ ಉದ್ಯಮಿಗಳೆಲ್ಲ 5 ಗಂಟೆಗೆ ಏಳುತ್ತಾರೆ, ಅದಕ್ಕೇ ಗೆದ್ದರು’ ಎಂಬ ಪಟ್ಟಿಯನ್ನು ಇಲ್ಲಿ ಒಂದೇ ಮಾತಿನಲ್ಲಿ ಮುಗಿಸಬಹುದು. ಕೆ.ಆರ್. ಮಾರುಕಟ್ಟೆಗೆ ಹೂವು ತರುವವರು, ಹಾಲಿನ ವ್ಯಾನ್ ಓಡಿಸುವವರು, ಪೌರಕಾರ್ಮಿಕರು ಅದಕ್ಕಿಂತ ಮುಂಚೆಯೇ ಏಳುತ್ತಾರೆ. ಅವರ ಫೋಟೊ ಹಾಕಿ ಯಾರೂ ಸಾಧನೆಯ ಗುಟ್ಟು ಬರೆಯುವುದಿಲ್ಲ.

ನೀರು, ನಿಂಬೆ ಮತ್ತು ಮಾತ್ರೆ

ರಾತ್ರಿಯಿಡೀ ನೀರು ಕುಡಿದಿರುವುದಿಲ್ಲ, ಎದ್ದ ಮೇಲೆ ಒಂದೆರಡು ಲೋಟ ಕುಡಿಯುವುದು ಒಳ್ಳೆಯದೇ. ‘ಜಪಾನಿನ ಜಲಚಿಕಿತ್ಸೆ’ ಎಂಬ ಹೆಸರಿನಲ್ಲಿ ಬರುವ ಸಂದೇಶ ಇಲ್ಲಿಗೆ ನಿಲ್ಲುವುದಿಲ್ಲ. ಖಾಲಿ ಹೊಟ್ಟೆಯಲ್ಲಿ ನಾಲ್ಕಾರು ಲೋಟ ಕುಡಿದರೆ ಮಧುಮೇಹದಿಂದ ಹಿಡಿದು ಕ್ಷಯದವರೆಗೆ ವಾಸಿ ಎನ್ನುತ್ತದೆ. ನೀರಿಗೆ ಅಂಥ ಶಕ್ತಿಯಿಲ್ಲ. ಕ್ಷಯಕ್ಕೆ ತಿಂಗಳುಗಟ್ಟಲೆ ತಪ್ಪದೆ ತೆಗೆದುಕೊಳ್ಳಬೇಕಾದ ಔಷಧಿಯಿದೆ, ಅದು ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಆರೋಗ್ಯವಂತರ ಮೂತ್ರಪಿಂಡ ಗಂಟೆಗೆ ಹೆಚ್ಚೆಂದರೆ ಸುಮಾರು 800 ಮಿಲಿಲೀಟರ್‌ನಿಂದ ಒಂದು ಲೀಟರ್‌ವರೆಗೆ ನೀರು ಹೊರಹಾಕಬಲ್ಲದು. ಹೃದಯ ದುರ್ಬಲವಾಗಿರುವವರಿಗೆ, ಮೂತ್ರಪಿಂಡದ ಕಾಯಿಲೆ ಇರುವವರಿಗೆ ದಿನಕ್ಕೆ ಇಷ್ಟೇ ನೀರು ಎಂದು ವೈದ್ಯರು ಮಿತಿ ಹಾಕಿರುತ್ತಾರೆ. ಈ ಸಂದೇಶ ಅವರ ಕೈಗೂ ಹೋಗುತ್ತದೆ ಎಂಬುದೇ ಭಯ.

ನಿಂಬೆ ಜೇನಿನ ಬಿಸಿನೀರು ಕೊಬ್ಬು ಕರಗಿಸುವುದಿಲ್ಲ. ಬೆಳಗ್ಗೆ ಸಕ್ಕರೆ ಹಾಕಿದ ಕಾಫಿ ಬಿಟ್ಟು ಅದನ್ನು ಕುಡಿದು, ತಿಂಡಿಯೂ ಕಡಿಮೆಯಾದರೆ ತೂಕ ಇಳಿದೀತು. ಅದು ತಿನ್ನುವುದು ಕಡಿಮೆಯಾದದ್ದರ ಫಲ. ಒಂದು ಟೀ ಚಮಚ ಜೇನಿನಲ್ಲಿ ಸುಮಾರು 20 ಕ್ಯಾಲೊರಿ ಇರುತ್ತದೆ, ಮಧುಮೇಹ ಇರುವವರಿಗೆ ಅದೂ ಸಕ್ಕರೆಯೇ. ನಿಂಬೆಯ ಹುಳಿ ಹಲ್ಲಿನ ಮೇಲ್ಪದರವನ್ನು ಮೆದುವಾಗಿಸುವುದರಿಂದ ಅದನ್ನು ಕುಡಿದ ಕೂಡಲೇ ಹಲ್ಲುಜ್ಜದಿರುವುದು ಒಳ್ಳೆಯದು.

ಈಗ ಮಾತ್ರೆ. ಇಡೀ ಸಂದೇಶದಲ್ಲಿ ನಾವು ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗ ಇದು.

ರಕ್ತದೊತ್ತಡ ಹೆಚ್ಚಿದ್ದರೂ ಬಹಳ ಜನರಿಗೆ ಏನೂ ಅನಿಸುವುದಿಲ್ಲ. ತಲೆನೋವಿಲ್ಲ, ಸುಸ್ತಿಲ್ಲ. ಹೊಸ ದಿನಚರಿಯ ಹುರುಪಿನಲ್ಲಿ ಮಾತ್ರೆ ನಿಲ್ಲಿಸಿದರೆ ಮೊದಲ ಕೆಲವು ವಾರ ಮೈ ಹಗುರವಾದಂತೆ ಕಾಣಬಹುದು. ನಡಿಗೆಯಿಂದ, ಹೊತ್ತಿಗೆ ಸರಿಯಾದ ಊಟದಿಂದ ನಿಜವಾಗಿಯೂ ಚೈತನ್ಯ ಬಂದಿರುತ್ತದೆ. ‘ನೋಡಿ, ಮಾತ್ರೆ ಇಲ್ಲದೆಯೇ ಚೆನ್ನಾಗಿದ್ದೇನೆ’ ಎಂಬ ಅನುಭವದ ಮಾತು ಗ್ರೂಪ್‌ಗೆ ಬರುವುದು ಈ ಹಂತದಲ್ಲಿ. ಒಳಗೆ ಒತ್ತಡ ಏರುತ್ತಿರುವುದು ಅಳೆದು ನೋಡದೆ ಗೊತ್ತಾಗುವುದಿಲ್ಲ. ಕೆಲವು ಬಿಪಿ ಮಾತ್ರೆಗಳನ್ನು ಹಠಾತ್ತನೆ ನಿಲ್ಲಿಸಿದರೆ ಒತ್ತಡ ಮೊದಲಿಗಿಂತ ಮೇಲಕ್ಕೆ ಹೋಗುವುದೂ ಇದೆ. ಪಾರ್ಶ್ವವಾಯು ಹೊಡೆದ ಮೇಲೆ ಆ ಗ್ರೂಪ್‌ನಲ್ಲಿ ಯಾರೂ ಅನುಭವ ಬರೆಯುವುದಿಲ್ಲ. ಹೀಗಾಗಿ ಓದುವವರಿಗೆ ಗೆದ್ದ ಕತೆಗಳೇ ಕಾಣುತ್ತವೆ.

ದಿನಚರಿ ಬದಲಾದರೆ ಔಷಧಿಯ ಪ್ರಮಾಣ ಕಡಿಮೆ ಮಾಡಲು ಸಾಧ್ಯವಾಗಬಹುದು, ಇದು ಸುಳ್ಳಲ್ಲ. ತೂಕ ಇಳಿದು, ಉಪ್ಪು ಕಡಿಮೆಯಾಗಿ, ನಡಿಗೆ ಹೆಚ್ಚಿದಾಗ ವೈದ್ಯರೇ ಮಾತ್ರೆ ಇಳಿಸುತ್ತಾರೆ. ಅದನ್ನು ತೀರ್ಮಾನಿಸುವುದು ಬಿಪಿ ಅಳತೆ ನೋಡಿ. ಕ್ಯಾಲೆಂಡರ್‌ನ 21ನೇ ದಿನ ನೋಡಿ ಅಲ್ಲ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ನಗರಗಳ ‘ನಮ್ಮ ಕ್ಲಿನಿಕ್’ಗಳಲ್ಲಿ ಬಿಪಿ ಪರೀಕ್ಷೆಗೆ ದುಡ್ಡು ಕೊಡಬೇಕಿಲ್ಲ.

ಇನ್ನು ಥೈರಾಯ್ಡ್ ಕೊರತೆಗೆ ಕೊಡುವ ಲೆವೊಥೈರಾಕ್ಸಿನ್ ಮಾತ್ರೆ. ಬೆಳಗಿನ ದಿನಚರಿಯಲ್ಲಿ ನಿಜಕ್ಕೂ ಹೊತ್ತು ನೋಡಿ ಮಾಡಬೇಕಾದ ಕೆಲಸ ಯಾವುದಾದರೂ ಇದ್ದರೆ ಇದೇ. ಇದನ್ನು ಸಾಮಾನ್ಯವಾಗಿ ಖಾಲಿ ಹೊಟ್ಟೆಯಲ್ಲಿ ಬರೀ ನೀರಿನ ಜೊತೆ, ತಿಂಡಿ ಕಾಫಿಗೆ ಅರ್ಧದಿಂದ ಒಂದು ಗಂಟೆ ಮೊದಲು ತೆಗೆದುಕೊಳ್ಳಲು ಹೇಳುತ್ತಾರೆ. ಕಾಫಿ ಜೊತೆ ನುಂಗಿದರೆ ಅದು ಸರಿಯಾಗಿ ಮೈಗೆ ಸೇರುವುದಿಲ್ಲ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಿಗೂ ಇದಕ್ಕೂ 4 ಗಂಟೆ ಅಂತರ ಬೇಕು. ಎಷ್ಟೋ ಮನೆಗಳಲ್ಲಿ ಅಮ್ಮ ಎದ್ದು ಮಾತ್ರೆ ನುಂಗಿ, ಹಾಲು ಕಾಯಿಸಿ, ಎಲ್ಲರಿಗೂ ಕಾಫಿ ಕೊಡುತ್ತಾ ತಾನೂ ಎರಡು ಗುಟುಕು ಕುಡಿದುಬಿಡುತ್ತಾಳೆ. ಆಮೇಲೆ ಟಿಎಸ್‌ಎಚ್ ಯಾಕೆ ಇಳಿಯುತ್ತಿಲ್ಲ ಎಂಬ ಪ್ರಶ್ನೆ. ಜೇನು ನಿಂಬೆಗಿಂತ ಈ ಅರ್ಧ ಗಂಟೆಯ ಅಂತರದಿಂದ ಆಕೆಗೆ ಆಗುವ ಲಾಭ ದೊಡ್ಡದು.

ಮಧುಮೇಹಕ್ಕೆ ಇನ್ಸುಲಿನ್ ಅಥವಾ ಕೆಲವು ಬಗೆಯ ಮಾತ್ರೆ ತೆಗೆದುಕೊಳ್ಳುವವರು ಏನೂ ತಿನ್ನದೆ ಒಂದು ಗಂಟೆ ಜೋರಾಗಿ ನಡೆದರೆ ಸಕ್ಕರೆ ಅಂಶ ತೀರಾ ಕೆಳಗಿಳಿಯಬಹುದು. ಬೆವರು, ನಡುಕ, ಕಣ್ಣು ಮಂಜಾಗುವುದು ಅದರ ಸೂಚನೆ. ಜೇಬಿನಲ್ಲಿ ಒಂದಿಷ್ಟು ಸಕ್ಕರೆಯೋ ಚಾಕೊಲೇಟೋ ಇರಲಿ. ತಿಂದು ನಡೆಯಬೇಕೋ ತಿನ್ನದೆಯೋ ಎಂಬುದನ್ನು ವೈದ್ಯರ ಹತ್ತಿರ ಕೇಳಿಕೊಳ್ಳಿ.

ಅರ್ಧ ನಿಜ ಎನ್ನಬಹುದಾದ ಒಂದು ಫಾರ್ವರ್ಡ್ ಬಗ್ಗೆಯೂ ಹೇಳಬೇಕು. ಎಚ್ಚರವಾದ ಮೇಲೆ ಸ್ವಲ್ಪ ಹೊತ್ತು ಮಲಗಿಯೇ ಇದ್ದು, ಸ್ವಲ್ಪ ಹೊತ್ತು ಕೂತು, ಸ್ವಲ್ಪ ಹೊತ್ತು ಕಾಲು ಇಳಿಬಿಟ್ಟು ಆಮೇಲೆ ಎದ್ದರೆ ಹೃದಯಾಘಾತ, ಪಾರ್ಶ್ವವಾಯು ಬರುವುದಿಲ್ಲ ಎನ್ನುತ್ತದೆ ಅದು. ಬರುವುದೇ ಇಲ್ಲ ಎಂಬ ಭರವಸೆಗೆ ಆಧಾರವಿಲ್ಲ. ಆದರೆ ಸಲಹೆ ಕೆಟ್ಟದ್ದಲ್ಲ. ಎದ್ದು ನಿಂತ ಮೂರು ನಿಮಿಷದೊಳಗೆ ಬಿಪಿಯ ಮೇಲಿನ ಸಂಖ್ಯೆ 20 ಅಥವಾ ಕೆಳಗಿನ ಸಂಖ್ಯೆ 10ರಷ್ಟು ಇಳಿಯುವ ತೊಂದರೆ ಕೆಲವರಿಗಿರುತ್ತದೆ. ವಯಸ್ಸಾದವರಲ್ಲಿ, ಬಿಪಿ ಮಾತ್ರೆ ತೆಗೆದುಕೊಳ್ಳುವವರಲ್ಲಿ ಇದು ಹೆಚ್ಚು. ಅವರು ದಡಕ್ಕನೆ ಎದ್ದು ಬಚ್ಚಲಿಗೆ ಹೋಗುವಾಗ ತಲೆ ತಿರುಗಿ ಬಿದ್ದು ಸೊಂಟ ಮುರಿದುಕೊಳ್ಳುವ ಅಪಾಯ ನಿಜವಾದದ್ದು. ಹಾಸಿಗೆಯ ಅಂಚಿನಲ್ಲಿ ಒಂದೆರಡು ನಿಮಿಷ ಕೂತು ಏಳಲಿ. ಪದೇ ಪದೇ ತಲೆ ತಿರುಗಿದರೆ ಮಾತ್ರೆಯ ಪ್ರಮಾಣ ನೋಡಿಸಲಿ.

21 ದಿನದ ಲೆಕ್ಕ

1960ರಲ್ಲಿ ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಎಂಬ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ‘ಸೈಕೊ ಸೈಬರ್ನೆಟಿಕ್ಸ್’ ಎಂಬ ಪುಸ್ತಕ ಬರೆದರು. ಶಸ್ತ್ರಚಿಕಿತ್ಸೆಯಾದವರು ಕನ್ನಡಿಯಲ್ಲಿ ಕಾಣುವ ಹೊಸ ಮುಖಕ್ಕೆ ಒಗ್ಗಿಕೊಳ್ಳಲು ಕನಿಷ್ಠ 21 ದಿನವಾದರೂ ಬೇಕು ಎಂಬುದು ಅವರು ಕಂಡುಕೊಂಡದ್ದು. ಕಾಲ ಕಳೆದಂತೆ ‘ಕನಿಷ್ಠ’ ಬಿದ್ದುಹೋಯಿತು, ಮುಖವೂ ಬಿದ್ದುಹೋಯಿತು, 21 ಮಾತ್ರ ಉಳಿಯಿತು.

ಅಭ್ಯಾಸವನ್ನೇ ಅಳೆದು ನೋಡಿದವರು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು. 96 ಜನ ತಮಗೆ ಬೇಕಾದ ಒಂದೊಂದು ಸಣ್ಣ ಅಭ್ಯಾಸ ಆರಿಸಿಕೊಂಡು ದಿನವೂ ಮಾಡತೊಡಗಿದರು. ಅದು ಯೋಚಿಸದೆಯೇ ಆಗುವ ಮಟ್ಟಕ್ಕೆ ಬರಲು ಕೆಲವರಿಗೆ 18 ದಿನ ಸಾಕಾದರೆ ಕೆಲವರಿಗೆ 254 ದಿನ ಬೇಕೆಂಬ ಲೆಕ್ಕ ಸಿಕ್ಕಿತು. ಮಧ್ಯದ ಅಂಕಿ 66 ದಿನ. ನಮಗೆ ಹೆಚ್ಚು ಇಷ್ಟವಾದ ಫಲಿತಾಂಶ ಬೇರೆ: ನಡುವೆ ಒಂದು ದಿನ ತಪ್ಪಿದರೂ ಅಭ್ಯಾಸ ಬೆಳೆಯುವುದಕ್ಕೆ ಹೇಳಿಕೊಳ್ಳುವಂಥ ಅಡ್ಡಿಯಾಗಲಿಲ್ಲ. ಮಗುವಿಗೆ ಜ್ವರ ಬಂದು ಒಂದು ದಿನ ನಡಿಗೆ ತಪ್ಪಿದರೆ ‘ಮತ್ತೆ ಒಂದರಿಂದ ಎಣಿಸಬೇಕು’ ಎನ್ನುವ ಸಂದೇಶಗಳನ್ನು ನಿರ್ಲಕ್ಷಿಸಬಹುದು.

ಮನಸ್ಸಿಟ್ಟು ಮಾಡುವುದು

ಇತ್ತೀಚೆಗೆ ‘ಮೈಂಡ್‌ಫುಲ್ ಮಾರ್ನಿಂಗ್’ ಎಂಬ ಮಾತು ಹೆಚ್ಚು ಕೇಳುತ್ತಿದೆ. ಬೌದ್ಧ ಧ್ಯಾನ ಪರಂಪರೆಯಿಂದ ಎಳೆ ತೆಗೆದುಕೊಂಡು 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಜಾನ್ ಕಬಟ್‌ ಜಿನ್ ಶುರುಮಾಡಿದ ಎಂಟು ವಾರದ ತರಬೇತಿಯಿಂದ ಇದು ಆಸ್ಪತ್ರೆಗಳಿಗೆ, ಆಮೇಲೆ ಆ್ಯಪ್‌ಗಳಿಗೆ ಬಂತು. ಅರ್ಥ ಸರಳ. ಈಗ ಮಾಡುತ್ತಿರುವುದರ ಮೇಲೆ, ತಪ್ಪು ಒಪ್ಪು ಎಂದು ತೂಗದೆ ಗಮನ ಇಡುವುದು. ಕನ್ನಡದಲ್ಲಿ ಇದಕ್ಕೆ ಹೊಸ ಪದ ಹುಡುಕಬೇಕಿಲ್ಲ. ‘ಮನಸ್ಸಿಟ್ಟು ಮಾಡು’ ಎಂದು ಮನೆಯ ಹಿರಿಯರು ಗದರುವುದು ಇದನ್ನೇ.

ಇದರಿಂದ ಉಪಯೋಗ ಇದೆಯೇ? 2014ರಲ್ಲಿ 47 ಪ್ರಯೋಗಗಳನ್ನು, ಒಟ್ಟು 3,515 ಜನರ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದ ವಿಮರ್ಶೆಯೊಂದು ಅಮೆರಿಕದ ಹೆಸರಾಂತ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಆತಂಕ, ಖಿನ್ನತೆ, ನೋವು ಸ್ವಲ್ಪಮಟ್ಟಿಗೆ ಕಡಿಮೆಯಾಗುತ್ತವೆ ಎಂಬುದಕ್ಕೆ ಸಾಧಾರಣ ಮಟ್ಟದ ಸಾಕ್ಷ್ಯ ಸಿಕ್ಕಿತು. ವ್ಯಾಯಾಮ, ಔಷಧಿಯಂಥ ಬೇರೆ ಚಿಕಿತ್ಸೆಗಳಿಗಿಂತ ಧ್ಯಾನ ಮೇಲು ಎಂಬುದಕ್ಕೆ ಸಾಕ್ಷ್ಯ ಸಿಗಲಿಲ್ಲ. ಅಂದರೆ ಧ್ಯಾನ ಇಷ್ಟವಾದವರು ಮಾಡಲಿ. ಕಣ್ಣು ಮುಚ್ಚಿದರೆ ನಿದ್ದೆ ಬರುವವರು, ಇಲ್ಲವೇ ಲಾಂಡ್ರಿ ಲೆಕ್ಕ ನೆನಪಾಗುವವರು ನಡೆಯಲಿ, ಅದೂ ಸಮನೇ. ತೀವ್ರ ಖಿನ್ನತೆ ಅಥವಾ ಹಳೆಯ ಆಘಾತ ಇರುವ ಕೆಲವರಿಗೆ ಬಹಳ ಹೊತ್ತು ಕಣ್ಣು ಮುಚ್ಚಿ ಕೂರುವುದೇ ಸಂಕಟ ಹೆಚ್ಚಿಸಬಹುದು. ಹಾಗಾದರೆ ನಿಲ್ಲಿಸುವುದು ಸೋಲಲ್ಲ. ಬೆಳಗ್ಗೆ ಏಳುವ ಮನಸ್ಸೇ ಇಲ್ಲ, ಯಾವುದರಲ್ಲೂ ಆಸಕ್ತಿಯಿಲ್ಲ ಎಂಬ ಸ್ಥಿತಿ ಎರಡು ವಾರ ದಾಟಿದರೆ ಅದಕ್ಕೆ ದಿನಚರಿಯ ಮದ್ದು ಸಾಲದು. ಟೆಲಿ ಮಾನಸ್‌ನ 14416 ಉಚಿತ ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.

ಮನಸ್ಸಿಡಲು ದೊಡ್ಡ ಅಡ್ಡಿ ಫೋನ್. ‘ಎದ್ದ ತಕ್ಷಣ ಮೊಬೈಲ್ ನೋಡಿದರೆ ಡೋಪಮಿನ್ ಖಾಲಿಯಾಗುತ್ತದೆ’ ಎಂಬ ವಿಡಿಯೊಗಳನ್ನು ನಂಬಬೇಕಿಲ್ಲ, ಡೋಪಮಿನ್ ಟ್ಯಾಂಕಿನಲ್ಲಿ ತುಂಬಿಟ್ಟ ನೀರಲ್ಲ. ನಷ್ಟವಾಗುವುದು ಹೊತ್ತು. ಅಲಾರಾಂ ಆರಿಸಲು ಕೈಗೆತ್ತಿಕೊಂಡ ಫೋನಿನಲ್ಲಿ ಮೂರು ಗ್ರೂಪ್, ಎರಡು ಜಗಳ, ಒಂದು ಸಾವಿನ ಸುದ್ದಿ ನೋಡುವಷ್ಟರಲ್ಲಿ ಇಪ್ಪತ್ತು ನಿಮಿಷ ಹೋಗಿರುತ್ತದೆ. ನಾವು ಭಾರತೀಯರು ಕಳಿಸುವ ‘ಗುಡ್ ಮಾರ್ನಿಂಗ್’ ಚಿತ್ರಗಳಿಂದ ಫೋನುಗಳು ತುಂಬಿ, 2018ರ ಹೊತ್ತಿಗೆ ಗೂಗಲ್ ಕಂಪನಿ ಅವನ್ನು ಹುಡುಕಿ ಅಳಿಸುವ ಸೌಲಭ್ಯವನ್ನೇ ತನ್ನ ಆ್ಯಪ್‌ನಲ್ಲಿ ಕೊಡಬೇಕಾಯಿತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಂತ್ರಜ್ಞಾನದ ಅತಿಬಳಕೆಗೆಂದೇ ‘ಶಟ್’ ಕ್ಲಿನಿಕ್ 2014ರಿಂದ ಇದೆ. ಅಷ್ಟು ದೂರ ಹೋಗದವರಿಗೆ ಒಂದು ಸಾದಾ ಅಲಾರಾಂ ಗಡಿಯಾರ ಸಾಕು. ಫೋನ್ ರಾತ್ರಿ ಹಾಲ್‌ನಲ್ಲಿ ಚಾರ್ಜ್ ಆಗಲಿ.

ಕಾಫಿ ಪ್ರಿಯರಿಗೆ ಒಂದು ಸಮಾಧಾನ. ‘ಎದ್ದ ಒಂದೂವರೆ ಗಂಟೆ ಕಾಫಿ ಮುಟ್ಟಬೇಡಿ, ಕಾರ್ಟಿಸಾಲ್ ಕೆಡುತ್ತದೆ’ ಎಂಬುದಕ್ಕೆ ಗಟ್ಟಿ ಆಧಾರವಿಲ್ಲ. ಎದ್ದ ಅರ್ಧ ಮುಕ್ಕಾಲು ಗಂಟೆಯಲ್ಲಿ ಕಾರ್ಟಿಸಾಲ್ ಏರುವುದು ದೇಹದ ಸಹಜ ಕ್ರಮ. ಚಿಂತಿಸಬೇಕಾದದ್ದು ಸಂಜೆ ಆರರ ಕಾಫಿಯ ಬಗ್ಗೆ. ಕುಡಿದ ಕೆಫೀನ್‌ನ ಅರ್ಧ ಸುಮಾರು ಐದು ಗಂಟೆ ಕಳೆದರೂ ಮೈಯಲ್ಲೇ ಇರುತ್ತದೆ.

ಇದು ಯಾರ ಬೆಳಗು?

ಈ ಸಂದೇಶಗಳನ್ನು ಸಾಲಾಗಿ ಓದುವಾಗ ನಮಗೆ ಎದ್ದು ಕಂಡದ್ದು ಅವುಗಳಲ್ಲಿ ಇಲ್ಲದ ಒಂದು ಜಾಗ: ಅಡುಗೆಮನೆ. ಧ್ಯಾನ, ಯೋಗ, ನಡಿಗೆ, ಡೈರಿ ಬರೆಯುವುದು ಎಲ್ಲ ಮುಗಿಸಿ ‘ಪೌಷ್ಟಿಕ ಉಪಾಹಾರ ಸೇವಿಸಿ’ ಎಂದಿರುತ್ತದೆ. ಆ ಉಪಾಹಾರ ಮಾಡಿದವರು ಯಾರು? ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸಕ್ಕೆ, ಅದನ್ನು ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ. ಅದೇ ಕೆಲಸ ಮಾಡುವ ಗಂಡಸರು ಕೊಡುವುದು 97 ನಿಮಿಷ. ಆ ದಿನ ಇಂಥ ಕೆಲಸಕ್ಕೆ ಕೈಹಚ್ಚಿದ ಗಂಡಸರೇ ನೂರಕ್ಕೆ ಸುಮಾರು 26 ಮಂದಿ, ಹೆಂಗಸರು 81.

ನೀರು ಬರುವ ಹೊತ್ತಿಗೆ ಎದ್ದು, ಬಾಗಿಲಿಗೆ ನೀರು ಹಾಕಿ, ರಂಗೋಲಿ ಬಿಟ್ಟು, ಕುಕ್ಕರ್ ಇಟ್ಟು, ಎರಡು ಡಬ್ಬಿ ತುಂಬಿ, ಮಗುವನ್ನು ಶಾಲೆಯ ವ್ಯಾನ್ ಹತ್ತಿಸಿ, ಆಮೇಲೆ ತಾನೂ ಕೆಲಸಕ್ಕೆ ಓಡುವ ಹೆಣ್ಣುಮಗಳಿಗೆ ‘ನಿಮಗಾಗಿ ಒಂದು ಗಂಟೆ ಬೇಗ ಏಳಿ’ ಎಂದರೆ ಅದು ಆಕೆಯ ನಿದ್ದೆಯಿಂದ ಕದ್ದ ಗಂಟೆ. ಸಾಧ್ಯವಾಗದಿದ್ದಾಗ ‘ನನ್ನಲ್ಲೇ ಶಿಸ್ತಿಲ್ಲ’ ಎಂಬ ಕೊರಗು ಬೇರೆ. ಅಂಥ ಮನೆಯಲ್ಲಿ ಬೆಳಗಿನ ದಿನಚರಿ ಸುಧಾರಿಸಲು ಹೆಚ್ಚು ಪರಿಣಾಮ ಬೀರುವ ಕ್ರಮ ಧ್ಯಾನದ ಆ್ಯಪ್ ಅಲ್ಲ. ರಾತ್ರಿಯೇ ತರಕಾರಿ ಹೆಚ್ಚಿಡುವ, ಬೆಳಗ್ಗೆ ಡಬ್ಬಿ ತುಂಬುವ ಇನ್ನೊಂದು ಜೊತೆ ಕೈ.

ಹಾಗಾದರೆ ಏನು ಮಾಡಬಹುದು?

ಏಳುವ ಹೊತ್ತನ್ನು ಹಿಂದಕ್ಕೆ ಲೆಕ್ಕ ಹಾಕಿ. ಆರಕ್ಕೆ ಏಳಲೇಬೇಕಾದ ಮನೆಯಾದರೆ ಹತ್ತೂವರೆಗೆ ದೀಪ ಆರಿರಬೇಕು. ಭಾನುವಾರವೂ ಏಳುವ ಹೊತ್ತು ಒಂದು ಗಂಟೆಗಿಂತ ಹೆಚ್ಚು ಆಚೀಚೆ ಆಗದಿದ್ದರೆ ಸೋಮವಾರ ಅಷ್ಟು ಭಾರವೆನಿಸುವುದಿಲ್ಲ. ಎಚ್ಚರವಾದ ಮೇಲೂ ಹದಿನೈದು ಇಪ್ಪತ್ತು ನಿಮಿಷ ಮಂಪರು ಇರುವುದು ಸಹಜ. ಅದನ್ನು ಕಳೆಯಲು ಹೊರಗಿನ ಬೆಳಕಿನಷ್ಟು ಒಳ್ಳೆಯದು ಇನ್ನೊಂದಿಲ್ಲ. ಮನೆಯೊಳಗಿನ ಬಲ್ಬಿನ ಬೆಳಕು ಕೆಲವು ನೂರು ಲಕ್ಸ್ ಇದ್ದರೆ, ಮೋಡ ಮುಚ್ಚಿದ ಹಗಲಿನಲ್ಲೂ ಹೊರಗೆ ಸಾವಿರಾರು ಲಕ್ಸ್ ಇರುತ್ತದೆ. ದೇಹದ ಗಡಿಯಾರ ತನ್ನನ್ನು ತಾನು ಸರಿಪಡಿಸಿಕೊಳ್ಳುವುದು ಈ ಬೆಳಕು ನೋಡಿ. ಬಾಲ್ಕನಿ, ಮಹಡಿ, ಅಂಗಳ, ಹಾಲಿನ ಬೂತಿನವರೆಗಿನ ದಾರಿ ಯಾವುದಾದರೂ ಆಯಿತು.

ಹೊಸದಾಗಿ ಸೇರಿಸುವುದಾದರೆ ಒಂದೇ ಒಂದು, ಅದೂ ಈಗಾಗಲೇ ಮಾಡುತ್ತಿರುವ ಕೆಲಸದ ಬಾಲಕ್ಕೆ ಕಟ್ಟಿ. ಹಲ್ಲುಜ್ಜಿದ ಮೇಲೆ ಐದು ನಿಮಿಷ ಮೈ ಸಡಿಲಿಸುವುದು. ಹಾಲು ತರಲು ಗಾಡಿ ಬಿಟ್ಟು ನಡೆದು ಹೋಗುವುದು. ಕಾಫಿ ಕುಡಿಯುವ ಐದು ನಿಮಿಷ ಬರೀ ಕಾಫಿ ಕುಡಿಯುವುದು, ಟಿವಿಯಿಲ್ಲ, ಫೋನಿಲ್ಲ. ವಾರಕ್ಕೆ 150ರಿಂದ 300 ನಿಮಿಷ ಚುರುಕು ನಡಿಗೆಯಂಥ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಅದನ್ನು ಬೆಳಗ್ಗೆಯೇ ಮಾಡಬೇಕೆಂದು ಹೇಳಿಲ್ಲ. ಸಂಜೆ ಬಸ್ ಸ್ಟಾಪ್‌ನಿಂದ ಮನೆಗೆ ನಡೆದದ್ದೂ ಲೆಕ್ಕಕ್ಕೆ ಬರುತ್ತದೆ. ರಾತ್ರಿ ಪಾಳಿಯ ಕಾರ್ಖಾನೆ ಕೆಲಸಗಾರರಿಗೆ, ನರ್ಸ್‌ಗಳಿಗೆ ‘ಬೆಳಗು’ ಮಧ್ಯಾಹ್ನ ಎರಡಕ್ಕೆ ಆಗಬಹುದು, ಅವರಿಗೂ ಇದೇ ಲೆಕ್ಕ.

ಇನ್ನು ಮುಂದಿನ ಸಲ ದೊಡ್ಡಪ್ಪ ಇಂಥ ಸಂದೇಶ ಕಳಿಸಿದಾಗ ಎಲ್ಲರೆದುರು ‘ಇದು ಸುಳ್ಳು’ ಎಂದು ಬರೆದರೆ ಅವರು ಮಾತು ಬಿಡಬಹುದು, ಫಾರ್ವರ್ಡ್ ಮಾಡುವುದನ್ನು ಬಿಡಲಾರರು. ಬೇರೆಯಾಗಿ ಅವರಿಗೇ ಒಂದು ಸಾಲು ಕಳಿಸಿ ನೋಡಿ: ‘ವಾಕಿಂಗ್ ಶುರು ಮಾಡಿದ್ದು ಒಳ್ಳೇದಾಯ್ತು ದೊಡ್ಡಪ್ಪ. ಬಿಪಿ ಮಾತ್ರೆ ಮಾತ್ರ ನಿಲ್ಲಿಸ್ಬೇಡಿ, ಶನಿವಾರ ನಾನೇ ಬರ್ತೀನಿ, ಒಂದ್ಸಲ ಬಿಪಿ ಚೆಕ್ ಮಾಡಿಸ್ಕೊಂಡು ಡಾಕ್ಟರನ್ನೇ ಕೇಳೋಣ.’